ಅರವತ್ತಾರು ಮೆಟ್ಟಿಲು, ಐದನೆಯ ಹಮಾಲಿ

ಇಲಾಖಾ ವಸತಿಗೃಹಗಳ ಹಂಚಿಕೆ ಮತ್ತು ಮೆಟ್ಟಿಲು ನಿರ್ವಹಣಾ ಶಾಖೆ

ಸಂಖ್ಯೆ: ವಗೃ/ಮೆನಿ/ಇಳಿಕೆ/66

ಸುತ್ತೋಲೆ

ವಿಷಯ: ವಸತಿಗೃಹಗಳ ನಿವಾಸಿಗಳು ಮನೆ ಬದಲಾಯಿಸುವಾಗ ಹಮಾಲರನ್ನು ಗೊತ್ತುಮಾಡಿಕೊಳ್ಳುವುದು, ದರ ತಿಳಿದುಕೊಳ್ಳುವುದು, ಮೆಟ್ಟಿಲು ಬಳಸುವುದು ಹಾಗೂ ತಾಯಂದಿರನ್ನು ಇಳಿಸುವುದರ ಬಗ್ಗೆ.

ಉಲ್ಲೇಖ:
(1) ದಾಸ್ತಾನು ಗುಮಾಸ್ತರ ಅರ್ಧ ದಿನದ ರಜೆ ಅರ್ಜಿ. ಕಾರಣ: "ಖಾಲಿ ಕುರ್ಚಿಯನ್ನು ಮೂರನೇ ಮಹಡಿಯಿಂದ ಇಳಿಸಿ ಪುನಃ ಹತ್ತಿಸುವುದು".
(2) ಎರಡನೇ ಮಹಡಿಯ ಲೆಕ್ಕಿಗರ ದೂರು, ನಾಲ್ಕು ಪುಟ.
(3) ಅದೇ ಲೆಕ್ಕಿಗರು ದೂರನ್ನು ಹಿಂಪಡೆದ ಪತ್ರ, ಒಂದು ಸಾಲು.
(4) ದಾಸ್ತಾನು ಗುಮಾಸ್ತರ ತಾಯಿಯವರು ಕಿಟಕಿಯಿಂದ ನೀಡಿದ ಮೌಖಿಕ ಹೇಳಿಕೆಗಳು.

ಪ್ರಸ್ತಾವನೆ:

ದಾಸ್ತಾನು ಗುಮಾಸ್ತರು ಮೂರನೇ ಮಹಡಿಯ 14ನೇ ಮನೆಯಲ್ಲಿ ತಮ್ಮ ತಾಯಿಯವರೊಂದಿಗೆ ವಾಸವಾಗಿದ್ದರು. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಲಿಫ್ಟಿನ ಪ್ರಸ್ತಾವನೆ ಇದೆ. ತಾಯಿಯವರಿಗೆ ಎಪ್ಪತ್ತೆಂಟು ವರ್ಷವಾಗಿದ್ದು, ಎರಡೂ ಮೊಣಕಾಲುಗಳು ಕೈಕೊಟ್ಟಿರುವುದರಿಂದ ನಾಲ್ಕು ವರ್ಷಗಳಿಂದ ಅವರು ಕೆಳಗಿಳಿದಿರುವುದಿಲ್ಲ. ಸದರಿ ಅವಧಿಯಲ್ಲಿ ಹೊರಗಿನ ಲೋಕದೊಡನೆ ಅವರ ವ್ಯವಹಾರವೆಲ್ಲ ಕಿಟಕಿಯಿಂದ ಹಗ್ಗ ಕಟ್ಟಿ ಇಳಿಬಿಟ್ಟ ಬುಟ್ಟಿಯ ಮೂಲಕವೇ ನಡೆದಿದೆ. ಸೊಪ್ಪಿನ ಗಾಡಿಯವರು ಬುಟ್ಟಿಗೆ ಬಾಡಿದ್ದನ್ನೇ ಹಾಕುತ್ತಾರೆಂಬ ಅವರ ದೂರು ("ಒಂದೇ ಒಂದು ದಿನ ಕೆಳಗೆ ಬಂದು ಕೈಯಾರೆ ಆರಿಸ್ಕೋತೀನಿ ಕಣೋ, ಅವತ್ತು ಇದೆ ನಿನಗೆ!") ಪ್ರತಿದಿನ ಬೆಳಿಗ್ಗೆ ಇಡೀ ಕಟ್ಟಡಕ್ಕೆ ಕೇಳಿಸುವಂತೆ ದಾಖಲಾಗಿದೆ.

ಈ ಮಧ್ಯೆ ಅದೇ ಕಟ್ಟಡದ ನೆಲಮಹಡಿಯ 2ನೇ ಮನೆ ತೆರವಾಗಿ, ದಾಸ್ತಾನು ಗುಮಾಸ್ತರಿಗೆ ಹಂಚಿಕೆಯಾಯಿತು. ಷರತ್ತು ಒಂದೇ: ತಿಂಗಳ ಕೊನೆಯ ದಿನ ಸಂಜೆ ಐದು ಗಂಟೆಯೊಳಗೆ ಕುಟುಂಬ ಸಮೇತ ಪ್ರವೇಶಿಸತಕ್ಕದ್ದು, ತಪ್ಪಿದಲ್ಲಿ ಮನೆಯು ಕಾಯುವ ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗತಕ್ಕದ್ದು. ನೆಲಮಹಡಿಯ ಮನೆ ಮತ್ತೆ ಯಾವಾಗ ತೆರವಾದೀತೆಂದು ಹೇಳಲು ಶಾಖೆಯು ಶಕ್ತವಾಗಿಲ್ಲ. ಹಿಂದಿನ ಸಲ ತೆರವಾದಾಗ ಈಗಿನ ಅಧಿಕಾರಿಗಳು ಯಾರೂ ಸೇವೆಗೆ ಸೇರಿರಲಿಲ್ಲ.

ಸಾಮಾನು ಇಳಿಸುವುದಕ್ಕೆ ತೊಡಕಿರಲಿಲ್ಲ. ಸಾಮಾನಿಗೆ ಸ್ವಂತ ಅಭಿಪ್ರಾಯವಿರುವುದಿಲ್ಲ. ತಾಯಿಯವರಿಗಿತ್ತು.

ಆದುದರಿಂದ, ಮುಂದೆ ಇಂತಹ ಸಂದರ್ಭಗಳಲ್ಲಿ ಗೊಂದಲವಾಗದಿರಲೆಂದು ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಹಮಾಲರಿಗೆ ಫೋನ್ ಮಾಡುವ ನಿವಾಸಿಗಳು "ಸ್ವಲ್ಪ ಸಾಮಾನು ಇದೆ" ಎಂದು ಹೇಳುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ದಾಸ್ತಾನು ಗುಮಾಸ್ತರು "ಸ್ವಲ್ಪ" ಎಂದದ್ದರಲ್ಲಿ ಎರಡು ಮಂಚ, ಒಂದು ಕಬ್ಬಿಣದ ಬೀರು, ಹೊಲಿಗೆ ಯಂತ್ರ, ಮೂವತ್ತೊಂದು ಡಬ್ಬಿ (ಈ ಪೈಕಿ ಒಂಬತ್ತರಲ್ಲಿ ಬೇರೆ ಡಬ್ಬಿಗಳು), ಪಾತ್ರೆಯಿಲ್ಲದ ಮುಚ್ಚಳಗಳು ಹಾಗೂ "ಬೇಕಾಗುತ್ತೆ ಇರಲಿ" ಎಂಬ ಶೀರ್ಷಿಕೆಯಡಿ ಏಳು ಗೋಣಿಚೀಲ ಕಂಡುಬಂದಿವೆ. ಇನ್ನು ಮುಂದೆ "ಸ್ವಲ್ಪ" ಎಂದರೆ ಒಬ್ಬ ಮನುಷ್ಯ ನಿಟ್ಟುಸಿರು ಬಿಡದೆ ಒಂದೇ ಸಲಕ್ಕೆ ಹೊರಬಹುದಾದಷ್ಟು ಎಂದು ಅರ್ಥೈಸತಕ್ಕದ್ದು. ದಾಸ್ತಾನು ಶಾಖೆಯವರಿಗೆ ಈ ಅರ್ಥವು ಪೂರ್ವಾನ್ವಯವಾಗುತ್ತದೆ.

2. ದರ ಕೇಳುವಾಗ ಮಹಡಿ ಎಷ್ಟು, ತಿರುವು ಎಷ್ಟು, ಲಾರಿ ನಿಲ್ಲುವ ಜಾಗದಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಎಂಬುದನ್ನು ಮೊದಲೇ ತಿಳಿಸತಕ್ಕದ್ದು. "ಎಲ್ಲಾ ಸೇರಿ ತಾನೆ?" ಎಂಬ ಪ್ರಶ್ನೆಯನ್ನು ಮೂರು ಸಲ, ಮೂರು ಬೇರೆ ಬೇರೆ ಧ್ವನಿಯಲ್ಲಿ ಕೇಳತಕ್ಕದ್ದು. ಗುಮಾಸ್ತರು ಒಂದೇ ಸಲ, ಅದೂ ಸಂಕೋಚದಿಂದ ಕೇಳಿದ ಕಾರಣ, ಎರಡನೆಯದಾಗಿ ಬಂದು ನೋಡಿದ ಕಂಪನಿಯವರು ತಿರುವಿಗೆ ಪ್ರತ್ಯೇಕ, ಕನ್ನಡಿಗೆ ಪ್ರತ್ಯೇಕ, ಕಟ್ಟಡ ಹಳೆಯದಾದ್ದಕ್ಕೆ ಪ್ರತ್ಯೇಕ ದರ ನಮೂದಿಸಿರುತ್ತಾರೆ. ತಾಯಿಯವರ ಬಗ್ಗೆ ಕೇಳಿದಾಗ "ಒಡೆಯುವ ವಸ್ತು" ಎಂಬ ಕಲಮಿನಡಿ ತೋರಿಸಿರುತ್ತಾರೆ. ಪಟ್ಟಿಯನ್ನು ಓದಿಸಿ ಕೇಳಿದ ತಾಯಿಯವರು ಆ ಕಂಪನಿಯನ್ನು ತಿರಸ್ಕರಿಸಿರುತ್ತಾರೆ.

3. ಮೊದಲು ಫೋನಿನಲ್ಲಿ ಸಿಕ್ಕ ಕಂಪನಿಯವರು ಲಾರಿಗೆ ಕನಿಷ್ಠ ಹತ್ತು ಕಿಲೋಮೀಟರ್ ದರ ಕೊಡಲೇಬೇಕೆಂದಿದ್ದರು. ಎರಡು ಮನೆಗಳ ನಡುವಿನ ದೂರ ಅರವತ್ತಾರು ಮೆಟ್ಟಿಲು ಮಾತ್ರ. ನಿಯಮವೆಂದರೆ ತಲೆಬಾಗುವ ಸ್ವಭಾವದ ಗುಮಾಸ್ತರು, ಸಾಮಾನನ್ನು ಗೇಟಿನಲ್ಲಿ ಲಾರಿಗೆ ತುಂಬಿಸಿ, ಹತ್ತು ಕಿಲೋಮೀಟರ್ ಸುತ್ತಿಸಿಕೊಂಡು ಬಂದು ಅದೇ ಗೇಟಿನಲ್ಲಿ ಇಳಿಸುವ ಬಗ್ಗೆ ಎರಡು ದಿನ ಗಂಭೀರವಾಗಿ ಯೋಚಿಸಿರುತ್ತಾರೆ. ಹೊರಟ ಗೇಟಿಗೇ ಮರಳುವ ಲಾರಿಯನ್ನು ನಿವಾಸಿಗಳು ಗೊತ್ತುಮಾಡತಕ್ಕದ್ದಲ್ಲ.

4. ಮೂರನೆಯದಾಗಿ ಬಂದವರು ಪಕ್ಕದ ಬೀದಿಯ ಹಮಾಲಿ ಮೇಸ್ತ್ರಿ. ಇವರು ಸಾಮಾನಿನ ಕಡೆ ತಿರುಗಿಯೂ ನೋಡದೆ, ಮೆಟ್ಟಿಲನ್ನೇ ನೋಡಿದರು. ಬಳಿಕ ತಮ್ಮ ಮೂವರು ಆಳುಗಳೊಡನೆ, ಕೈಯಲ್ಲಿ ಏನೂ ಇಲ್ಲದೆ, ಬೀರು ಹೊತ್ತವರಂತೆ ತೋಳು ಅಗಲಿಸಿ, ಬಗ್ಗಿ, ಪ್ರತಿ ತಿರುವಿನಲ್ಲೂ "ಮೆತ್ತಗೆ... ಮೂಲೆ, ಮೂಲೆ..." ಎಂದುಕೊಳ್ಳುತ್ತ ಕೆಳಗಿಳಿದು, ನೆಲಮಹಡಿಯಲ್ಲಿ ಇಲ್ಲದ ಬೀರನ್ನು ಜೋಪಾನವಾಗಿ ಇಟ್ಟು, ಬೆವರು ಒರೆಸಿಕೊಂಡರು. ಇದಕ್ಕೆ ಅವರಲ್ಲಿ "ಬರಿಗೈ ಇಳಿತ" ಎಂದು ಹೆಸರು. "ಬರಿಗೈಲಿ ಇಳಿಯೋಕೆ ಆಗದೆ ಇರೋದು ಭಾರ ಹೊತ್ತಾಗ ಇಳಿಯುತ್ತಾ ಸಾರ್?" ಎಂಬುದು ಮೇಸ್ತ್ರಿಯವರ ಹೇಳಿಕೆ. ಈ ಇಳಿತಕ್ಕೆ ಅವರು ದರ ಪಡೆಯುವುದಿಲ್ಲ. ನಿವಾಸಿಗಳು ಹಮಾಲರನ್ನು ಆರಿಸುವಾಗ ಇದನ್ನು ಮಾಡುತ್ತಾರೆಯೇ ಎಂದು ವಿಚಾರಿಸುವುದು ಕ್ಷೇಮ.

5. ಇಲ್ಲದ ವಸ್ತುಗಳನ್ನು ಮೆಟ್ಟಿಲ ಮೇಲೆ ಸಾಗಿಸುವ ಬಗ್ಗೆ:
(ಅ) ಇಲ್ಲದ ವಸ್ತುಗಳ ಪಟ್ಟಿಯನ್ನು ಎರಡು ಪ್ರತಿಗಳಲ್ಲಿ ಮುಂಚಿತವಾಗಿ ಸಲ್ಲಿಸತಕ್ಕದ್ದು.
(ಆ) ಎದುರಿಗೆ ಬರುವ ನಿವಾಸಿಗಳು ಇಲ್ಲದ ವಸ್ತುವಿಗೆ ದಾರಿ ಬಿಡತಕ್ಕದ್ದು. ಲೆಕ್ಕಿಗರು ದಾರಿ ಬಿಡದೆ ಇಲ್ಲದ ಬೀರಿನ ನಡುವೆ ಹಾದುಹೋದ ಕಾರಣ ಮೇಸ್ತ್ರಿಯವರು ಮೂರನೇ ಮಹಡಿಯಿಂದ ಪುನಃ ಆರಂಭಿಸಬೇಕಾಯಿತು. ದೂರಿನ ಮೂಲ ಇದೇ.
(ಇ) ಇಲ್ಲದ ವಸ್ತುವು ಒಡೆದಲ್ಲಿ ಶಾಖೆಯು ಹೊಣೆಯಲ್ಲ.

6. ತಾಯಿಯವರಿಗಾಗಿ ಬರಿಗೈ ಇಳಿತವನ್ನು ಕುರ್ಚಿ ಸಮೇತ ಮಾಡಬೇಕಾದ್ದರಿಂದ ಗುಮಾಸ್ತರು ರಜೆ ಕೋರಿದರು. ಖಾಲಿ ಕುರ್ಚಿಗೆ ಯಾವ ರಜೆ ಅನ್ವಯಿಸುತ್ತದೆಂಬ ಬಗ್ಗೆ ನಿಯಮಾವಳಿಯು ಮೌನವಾಗಿದೆ. ಕುರ್ಚಿ ಖಾಲಿಯಿದ್ದರೆ ಭಾರ ತಿಳಿಯದೆಂದು ಮೇಸ್ತ್ರಿಯವರು ಆಕ್ಷೇಪಿಸಿದ ಮೇಲೆ, ಗುಮಾಸ್ತರು ದಾಖಲೆ ಕೊಠಡಿಯಿಂದ ತಾಯಿಯವರ ತೂಕದಷ್ಟೇ, ಅಂದರೆ ಐವತ್ತೊಂದು ಕಿಲೋ, ಹಳೆಯ ಕಡತಗಳನ್ನು ಎರವಲು ತಂದು ಕುರ್ಚಿಯಲ್ಲಿ ಕೂರಿಸಿ, ಮೇಲೊಂದು ಶಾಲು ಹೊದಿಸಿದರು. ಹನ್ನೆರಡು ವರ್ಷಗಳಲ್ಲಿ ಸದರಿ ಕಡತಗಳು ಒಂದು ಹೆಜ್ಜೆ ಮುಂದೆ ಹೋದದ್ದು ಇದೇ ಮೊದಲೆಂಬುದನ್ನು ಶಾಖೆಯು ತೃಪ್ತಿಯಿಂದ ಗಮನಿಸಿದೆ.

7. ಶಾಲು ಹೊದ್ದ ಕುರ್ಚಿ ನಾಲ್ವರ ಹೆಗಲ ಮೇಲೆ ಇಳಿದುಹೋಗುವುದನ್ನು ಬಾಗಿಲಲ್ಲಿ ಕೂತು ನೋಡಿದ ತಾಯಿಯವರು ಈ ಕೆಳಕಂಡಂತೆ ಹೇಳಿಕೆ ನೀಡಿರುತ್ತಾರೆ:

"ಸಾಕು ಮಾಡ್ರಪ್ಪಾ. ನಾಲ್ಕು ಜನ ಹೊತ್ಕೊಂಡು ಹೋಗೋದು ಯಾವಾಗ ಅಂತ ನನಗೂ ಗೊತ್ತು. ಅದು ಒಂದೇ ಸಲ. ಅದಕ್ಕೆ ಇನ್ನೂ ಟೈಮ್ ಇದೆ. ಸೊಪ್ಪು ಬಾಡಿದ್ರೆ ಬಾಡಲಿ, ನಾನು ಇಲ್ಲೇ ಇರ್ತೀನಿ. ಕುರ್ಚಿಗೆ ಬಿದಿರು ಬೇರೆ ಕಟ್ಟಿದಾರೆ ನೋಡು, ಬಿದಿರು!"

ತತ್ಪರಿಣಾಮವಾಗಿ:
(ಅ) ಜೀವಂತ ತಾಯಂದಿರನ್ನು ಇಳಿಸುವಾಗ ಹಮಾಲರ ಸಂಖ್ಯೆ ನಾಲ್ಕು ಇರತಕ್ಕದ್ದಲ್ಲ.
(ಆ) ಬಿದಿರಿನ ಬದಲು ಕಬ್ಬಿಣದ ನೀರಿನ ಪೈಪು ಬಳಸತಕ್ಕದ್ದು.
(ಇ) ಐದನೆಯವರ ಹುದ್ದೆಯನ್ನು ಈ ಮೂಲಕ ಸೃಜಿಸಲಾಗಿದೆ. ಕೆಲಸ: ಹಿಂದಿನಿಂದ ಕುರ್ಚಿಯ ಬೆನ್ನು ಹಿಡಿಯುವುದು. ವೇತನ: ಇಲ್ಲ.

8. ಐದನೆಯವರಾಗಿ ದಾಸ್ತಾನು ಗುಮಾಸ್ತರೇ ಇರಬಹುದಿತ್ತಲ್ಲವೇ ಎಂಬ ಪ್ರಶ್ನೆ ಉದ್ಭವಿಸಿದೆ. ಹಂಚಿಕೆ ನಿಯಮದಂತೆ ನೌಕರನು ಹೊಸ ಮನೆಯ ಹೊಸ್ತಿಲಲ್ಲಿ ಖುದ್ದು ನಿಂತು ಕುಟುಂಬವನ್ನು ಬರಮಾಡಿಕೊಳ್ಳತಕ್ಕದ್ದು. ಹಾಗಾಗಿ ಅವರು ಮಧ್ಯಾಹ್ನ ಎರಡರಿಂದಲೇ ನೆಲಮಹಡಿಯಲ್ಲಿ, ಹೊಸ್ತಿಲ ಮೇಲೆ, ಅಲುಗಾಡದೆ ನಿಂತಿದ್ದರು. ನಿಯಮ ಇಲ್ಲದಿದ್ದರೂ ಆಗುತ್ತಿರಲಿಲ್ಲವೆಂಬುದು ತಾಯಿಯವರ ಹೇಳಿಕೆಯಿಂದ ತಿಳಿದುಬರುತ್ತದೆ: "ಅವನ ಕೈಗಾ? ಚೊಂಬು ಕೊಟ್ರೆ ಚೊಂಬು ಬೀಳಿಸ್ತಾನೆ, ನಾನು ಚೊಂಬಿಗಿಂತ ದೊಡ್ಡೋಳು." ಆದ್ದರಿಂದ, ದೂರು ಕೊಟ್ಟ ತಪ್ಪಿಗೆಂಬಂತೆ, ಲೆಕ್ಕಿಗರು ಐದನೆಯವರಾಗಲು ಒಪ್ಪಿದರು.

9. ಸಾಮಾನು ಅಥವಾ ತಾಯಿ ಇಳಿಯುವ ಸಮಯದಲ್ಲಿ ಬಾಗಿಲಲ್ಲಿ ನಿಂತ ನಿವಾಸಿಗಳು "ಎಡಕ್ಕೆ", "ಸ್ವಲ್ಪ ಎತ್ರೀ", "ನಾನಾಗಿದ್ರೆ" ಮುಂತಾಗಿ ಸಲಹೆ ನೀಡುವುದನ್ನು ಮನೆಯೊಂದಕ್ಕೆ ಒಂದು ಸಲಹೆಗೆ ಮಿತಿಗೊಳಿಸಲಾಗಿದೆ. ಬಳಸದ ಸಲಹೆಯನ್ನು ಮುಂದಿನ ವರ್ಷಕ್ಕೆ ಸಾಗಿಸಲು ಅವಕಾಶವಿರುವುದಿಲ್ಲ.

10. ಕಾಯುವ ಪಟ್ಟಿಯಲ್ಲಿ ಮುಂದಿನವರು ಯಾರೆಂಬುದನ್ನು ಪಾರದರ್ಶಕತೆಯ ದೃಷ್ಟಿಯಿಂದ ಇಲ್ಲಿ ಪ್ರಕಟಿಸಲಾಗಿದೆ: ಸದರಿ ಶಾಖೆಯ ಮೇಲ್ವಿಚಾರಕರು, ವಾಸ ಮೂರನೇ ಮಹಡಿ, 13ನೇ ಮನೆ. ಅವರ ಎಡ ಮೊಣಕಾಲಿನ ವೈದ್ಯಕೀಯ ಪ್ರಮಾಣಪತ್ರ ಕಡತದಲ್ಲಿದೆ. ಅವರ ಪತ್ನಿಯವರು ನೆಲಮಹಡಿಯ ಕಿಟಕಿಗಳ ಅಳತೆ ತೆಗೆಸಿ ಪರದೆ ಹೊಲಿಸಿ ಇಟ್ಟಿದ್ದರು. ತಿಂಗಳ ಕೊನೆಯ ದಿನ ಸಂಜೆ ನಾಲ್ಕೂವರೆಗೆ, ನಿಯಮಪಾಲನೆ ಪರಿಶೀಲಿಸಲು, ಮೇಲ್ವಿಚಾರಕರು ಕೈಗಡಿಯಾರ ನೋಡಿಕೊಳ್ಳುತ್ತ 14ನೇ ಮನೆಯ ಬಾಗಿಲಿಗೆ ಬಂದರು. ಕೋಟಿನ ಬಲ ಜೇಬಿನಲ್ಲಿ ಹೊಸ ಬೀಗವೊಂದಿತ್ತು. ಇದು ಹಿತಾಸಕ್ತಿ ಸಂಘರ್ಷವಾಗುತ್ತದೆಯೇ ಎಂಬುದನ್ನು ಪರಿಶೀಲಿಸಿ ವರದಿ ನೀಡುವಂತೆ ಮೇಲ್ವಿಚಾರಕರು ಮೇಲ್ವಿಚಾರಕರಿಗೆ ಪತ್ರ ಬರೆದಿದ್ದು, ಉತ್ತರ ಇನ್ನೂ ಬಂದಿರುವುದಿಲ್ಲ.

11. ಇಳಿತದ ವಿವರ:

ಪೈಪು ಕಟ್ಟಿದ ಕುರ್ಚಿಯಲ್ಲಿ ಕುಳಿತ ತಾಯಿಯವರು ಮೊದಲ ಮೆಟ್ಟಿಲ ಅಂಚಿಗೆ ಬರುತ್ತಲೇ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದರು. ಮೇಸ್ತ್ರಿಯವರು ಅದನ್ನು ಕಂಡು, "ಅಮ್ಮಾವ್ರೇ, ಮೊದಲೆಲ್ಲ ನೀವೇ ಹತ್ತಿ ಇಳಿದು ಮಾಡ್ತಿದ್ರಲ್ಲ, ಆಗ ಹೆಂಗೆ ಮಾಡ್ತಿದ್ರಿ?" ಎಂದು ವಿಚಾರಿಸಿದರು. ಮೆಟ್ಟಿಲಿಗೊಂದು ಸಾಲಿನಂತೆ ಪದ್ಯ ಹೇಳಿಕೊಳ್ಳುತ್ತಿದ್ದೆ, ಆರು ಸಾಲಿನ ಪದ್ಯ ಹನ್ನೊಂದು ಮುಗಿಯುವ ಹೊತ್ತಿಗೆ ಮನೆ ಬಾಗಿಲು ಬರುತ್ತಿತ್ತು ಎಂದು ತಾಯಿಯವರು ಉತ್ತರಿಸಿದರು. ದಿನವೂ ಸಂಜೆ ಆರೂವರೆಗೆ ದೀಪ ಹಚ್ಚಿ ಅವರು ಗಟ್ಟಿಯಾಗಿ ಹೇಳುವುದೂ ಇದೇ ಹನ್ನೊಂದು ಪದ್ಯಗಳನ್ನು. "ಹಂಗಾದ್ರೆ ಇವತ್ತೂ ನೀವೇ ಹೇಳಿ. ನಿಮ್ಮ ಮಾತಿಗೆ ನಾವು ಕಾಲು ಹಾಕ್ತೀವಿ. ನಾವು ಹೊರೋದು ಅಷ್ಟೇ, ಇಳಿಯೋರು ನೀವು" ಎಂದು ಮೇಸ್ತ್ರಿಯವರು ತಿಳಿಸಿದರು. ತಾಯಿಯವರ ಕಣ್ಣು ತೆರೆಯಿತು.

ಒಂದನೇ ಸಾಲು, ಒಂದನೇ ಮೆಟ್ಟಿಲು. ಎರಡನೇ ಸಾಲು, ಎರಡನೇ ಮೆಟ್ಟಿಲು. ಹಿಂದೆ ಕುರ್ಚಿಯ ಬೆನ್ನು ಹಿಡಿದಿದ್ದ ಲೆಕ್ಕಿಗರು ಅಭ್ಯಾಸಬಲದಿಂದ "ಒಂದು, ಎರಡು, ಮೂರು" ಎಂದು ಎಣಿಸತೊಡಗಿದ್ದರು. ಈ ಜಾತಿಯ ಪದ್ಯದಲ್ಲಿ ಮೂರನೆಯ ಮತ್ತು ಆರನೆಯ ಸಾಲು ಉಳಿದವಕ್ಕಿಂತ ಉದ್ದ. ತಾಯಿಯವರು ಮೂರನೆಯ ಸಾಲಿನ ಮಧ್ಯದಲ್ಲಿರುವಾಗಲೇ ಲೆಕ್ಕಿಗರು "ನಾಲ್ಕು" ಎಂದರು. ಮುಂದಿನ ಇಬ್ಬರು ಕಾಲಿಟ್ಟರು, ಹಿಂದಿನ ಇಬ್ಬರು ಇಡಲಿಲ್ಲ. ಕುರ್ಚಿ ಮುಂದಕ್ಕೆ ವಾಲಿತು. ಲೆಕ್ಕಿಗರ ಎಣಿಕೆಯಲ್ಲಿ ತಪ್ಪಿರಲಿಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ. ಪದ್ಯ ಅದಕ್ಕೆ ಒಪ್ಪಲಿಲ್ಲ, ಅಷ್ಟೆ.

ಆ ಸಮಯದಲ್ಲಿ ಮೇಲಿನಿಂದ, "ತಡೀರ್ರೋ! ಮೂರನೇ ಸಾಲು ಇನ್ನೂ ಮುಗಿದಿಲ್ಲ!" ಎಂಬ ಕೂಗು ಕೇಳಿಬಂದಿದೆ. ಕೂಗಿದವರು ಮೇಲ್ವಿಚಾರಕರು.

ತಾನು ಸುಮ್ಮನಿದ್ದಿದ್ದರೆ ತಾಯಿಯವರು ಹೆದರಿ ಒಳಗೆ ಹೋಗುತ್ತಿದ್ದರು, ಐದು ಗಂಟೆಗೆ ಮನೆ ತನ್ನದಾಗುತ್ತಿತ್ತು ಎಂಬ ಅಂಶ ಮೇಲ್ವಿಚಾರಕರ ಗಮನಕ್ಕೆ ಬಂದಿರುತ್ತದೆ. ಆದರೆ ಬಂದದ್ದು ಕೂಗಿ ಆದ ಮೇಲೆ.

12. ಕುರ್ಚಿಯನ್ನು ಮೂರು ಮೆಟ್ಟಿಲು ಮೇಲಕ್ಕೆ ತರಲಾಯಿತು. ತಾಯಿಯವರ ವಿಚಾರಣೆ ಹಾಗೂ ಮೇಲ್ವಿಚಾರಕರ ಉತ್ತರಗಳನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

"ಯಾರಪ್ಪಾ ನೀನು, ಪದ್ಯ ಗೊತ್ತಿರೋನು?"
"ಹದಿಮೂರನೇ ನಂಬರಿನವನು ಅಮ್ಮಾ. ಗೋಡೆ ಆಚೆ."
"ಎಷ್ಟು ದಿನದಿಂದ ಕೇಳ್ತಿದ್ದೀಯ?"
"ಒಂಬತ್ತು ವರ್ಷ ಆಯ್ತು."
"ಒಂಬತ್ತು ವರ್ಷ ಕೇಳಿ, ಒಂದು ದಿನ ಬಾಗಿಲು ತಟ್ಟಿ ಚೆನ್ನಾಗಿದೆ ಅನ್ನಲಿಲ್ವಲ್ಲ ಮಾರಾಯ! ಲೆಕ್ಕದ ಸಾಹೇಬ್ರನ್ನ ಬಿಡಿಸ್ರೋ. ಐದನೆಯೋನು ಇವನು. ಬಾ, ಹಿಡ್ಕೋ. ಅರ್ಧಕ್ಕೆ ನಿಂತ ಪದ್ಯ ಮೊದಲಿಂದ ಹೇಳ್ಬೇಕು."

ಲೆಕ್ಕಿಗರು ತಕ್ಷಣದಿಂದ ಕರ್ತವ್ಯದಿಂದ ಬಿಡುಗಡೆ ಹೊಂದಿದರು. ಮೇಲ್ವಿಚಾರಕರು ಅಧಿಕಾರ ವಹಿಸಿಕೊಂಡರು. ಎಡ ಮೊಣಕಾಲಿನ ಪ್ರಮಾಣಪತ್ರವನ್ನು ಆ ಸಮಯದಲ್ಲಿ ಯಾರೂ ಕೇಳಲಿಲ್ಲ.

13. ಇನ್ನು ಮುಂದೆ ಅರವತ್ತಾರು ಮೆಟ್ಟಿಲ ಕಟ್ಟಡಗಳಲ್ಲಿ ಆರು ಸಾಲಿನ ಹನ್ನೊಂದು ಪದ್ಯಗಳನ್ನು ಬಳಸತಕ್ಕದ್ದು. ಮೂರನೆಯ ಮತ್ತು ಆರನೆಯ ಸಾಲಿನಲ್ಲಿ ಕಾಲು ತಡೆಯತಕ್ಕದ್ದು. ಮೆಟ್ಟಿಲ ಸಂಖ್ಯೆ ಆರರಿಂದ ಭಾಗವಾಗದ ಕಟ್ಟಡಗಳ ನಿವಾಸಿಗಳು ಕೊರತೆಯಿರುವ ಮೆಟ್ಟಿಲುಗಳಿಗಾಗಿ ಕಾಮಗಾರಿ ವಿಭಾಗಕ್ಕೆ ಅರ್ಜಿ ಸಲ್ಲಿಸಬಹುದು. ಪದ್ಯ ಬಾರದ ತಾಯಂದಿರಿಗೆ ಮಗ್ಗಿ ಬಳಸಲು ಲೆಕ್ಕಿಗರು ಸೂಚಿಸಿದ್ದು, ಸದರಿ ಸೂಚನೆಯನ್ನು ಅವರ ವಾರ್ಷಿಕ ಒಂದು ಸಲಹೆಯೆಂದು ಪರಿಗಣಿಸಿ ತಿರಸ್ಕರಿಸಲಾಗಿದೆ.

14. ಎರಡನೇ ಮಹಡಿಯಲ್ಲಿ ಕುರ್ಚಿಯನ್ನು ನಿಲ್ಲಿಸುವಂತೆ ತಾಯಿಯವರು ಆಜ್ಞಾಪಿಸಿದರು. ಅಲ್ಲಿ ಲೆಕ್ಕಿಗರ ಮೂರು ವರ್ಷದ ಮೊಮ್ಮಗಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಆ ಮಗು ಹುಟ್ಟಿದ್ದು ತಾಯಿಯವರು ಮೇಲೆ ಉಳಿದುಬಿಟ್ಟ ಮೇಲೆ. "ಬಾರೇ ಇಲ್ಲಿ, ಮುಖ ತೋರಿಸು. ನಿನ್ನ ಅಳು ನನಗೆ ಬಾಯಿಪಾಠ ಆಗಿದೆ ಕಣೇ" ಎಂದು ತಾಯಿಯವರು ಕರೆದು, ಕೆನ್ನೆ ಸವರಿ, ಮೂಗು ಅಜ್ಜನದೇ ಎಂದು ತೀರ್ಮಾನಿಸಿದರು. ಇದಕ್ಕೆ ಏಳು ನಿಮಿಷ ಹಿಡಿಯಿತು. ಐವರೂ ಅಷ್ಟು ಹೊತ್ತು ಕುರ್ಚಿ ಹೊತ್ತೇ ನಿಂತಿದ್ದರು, ಏಕೆಂದರೆ ಇಳಿಸಿ ಎಂದು ಯಾರೂ ಹೇಳಿರಲಿಲ್ಲ. ದೂರು ಹಿಂಪಡೆದ ಪತ್ರದ ಒಂದು ಸಾಲು: "ಮೂಗಿನ ವಿಷಯ ನಿಜ."

15. ಹನ್ನೊಂದನೇ ಪದ್ಯದ ಆರನೇ ಸಾಲು ಮುಗಿದು, ಅರವತ್ತಾರನೇ ಮೆಟ್ಟಿಲು ಇಳಿದು, ದಾಸ್ತಾನು ಗುಮಾಸ್ತರು ನಿಂತಿದ್ದ ಹೊಸ್ತಿಲಿಗೆ ಕುರ್ಚಿ ತಲುಪಿದಾಗ ಮೇಲ್ವಿಚಾರಕರ ಕೈಗಡಿಯಾರದಲ್ಲಿ ಐದು ಗಂಟೆ ಹನ್ನೊಂದು ನಿಮಿಷವಾಗಿತ್ತು. ಗುಮಾಸ್ತರು ಗಡಿಯಾರ ನೋಡಿದರು. ಮೇಸ್ತ್ರಿಯವರು ಗೋಡೆ ನೋಡಿದರು. ಮೇಲ್ವಿಚಾರಕರು ಬಲ ಜೇಬಿಗೆ ಕೈ ಹಾಕಲು ಹೋದರು. ಹೆಗಲು ಹಿಡಿದುಕೊಂಡಿದ್ದರಿಂದ ಕೈ ಜೇಬಿನವರೆಗೆ ಹೋಗಲಿಲ್ಲ. ತಾಯಿಯವರು ಮಾತ್ರ ಅಂಗಳದ ಕಡೆ ನೋಡುತ್ತ, "ಸೊಪ್ಪಿನವನು ನಾಳೆ ಎಷ್ಟು ಹೊತ್ತಿಗೆ ಬರ್ತಾನೆ?" ಎಂದು ವಿಚಾರಿಸಿದರು.

ಸದರಿ ಹನ್ನೊಂದು ನಿಮಿಷಗಳ ಬಗ್ಗೆ ಕೂಲಂಕಷವಾಗಿ ಪರಿಶೀಲಿಸಲಾಗಿ, ಈ ಕೆಳಕಂಡಂತೆ ಸ್ಪಷ್ಟೀಕರಿಸಲಾಗಿದೆ: ಪದ್ಯ ಹೇಳಲು ಹಿಡಿದ ಕಾಲವನ್ನು ಕಾಲವೆಂದು ಎಣಿಸತಕ್ಕದ್ದಲ್ಲ. ಮಗುವಿನ ಮುಖ ನೋಡಲು ಹಿಡಿದ ಕಾಲಕ್ಕೂ ಇದೇ ನಿಯಮ. ಇವೆರಡನ್ನೂ ಕಳೆದು ನೋಡಲಾಗಿ, ಕುಟುಂಬವು ನಾಲ್ಕು ಗಂಟೆ ಮೂವತ್ತೇಳು ನಿಮಿಷಕ್ಕೇ ಹೊಸ ಮನೆ ಪ್ರವೇಶಿಸಿರುತ್ತದೆ. ಲೆಕ್ಕವನ್ನು ಲೆಕ್ಕಿಗರು ತಾಳೆ ನೋಡಿರುತ್ತಾರೆ. 2ನೇ ಮನೆಯ ಹಂಚಿಕೆಯನ್ನು ಕಾಯಂಗೊಳಿಸಲಾಗಿದೆ.

16. ತಾಯಿಯವರು ನೆಲಮಹಡಿಗೆ ಬಂದಿರುವ ಕಾರಣ ಸಂಜೆಯ ಪದ್ಯಗಳು 13ನೇ ಮನೆಯ ಗೋಡೆಗೆ ಇನ್ನು ಕೇಳಿಸುವುದಿಲ್ಲ. ಆದುದರಿಂದ ಮೆಟ್ಟಿಲುಗಳ ಸುರಕ್ಷತೆಯ ಹಿತದೃಷ್ಟಿಯಿಂದ, ಶಾಖೆಯ ಮೇಲ್ವಿಚಾರಕರು ಪ್ರತಿದಿನ ಸಂಜೆ ಆರೂವರೆಗೆ ಮೂರನೇ ಮಹಡಿಯಿಂದ ಖುದ್ದು ತಪಾಸಣೆ ಮಾಡುತ್ತ ಇಳಿದು, ಅರವತ್ತಾರನೇ ಮೆಟ್ಟಿಲ ಮೇಲೆ ಕುಳಿತು, ಹನ್ನೊಂದು ಪದ್ಯಗಳು ಮುಗಿಯುವವರೆಗೆ ಅದರ ಗಟ್ಟಿತನವನ್ನು ಪರೀಕ್ಷಿಸತಕ್ಕದ್ದು. ಈ ಕರ್ತವ್ಯಕ್ಕೆ ಭತ್ಯೆ ಇರುವುದಿಲ್ಲ. ಮುಗಿದ ಮೇಲೆ ಬಾಗಿಲು ತಟ್ಟಿ, ಚೆನ್ನಾಗಿದೆ ಎಂದು ವರದಿ ಮಾಡತಕ್ಕದ್ದು.

(ಸಹಿ)
ಮೇಲ್ವಿಚಾರಕರು ಹಾಗೂ ಐದನೆಯವರು
ವಾಸ: ಮೂರನೇ ಮಹಡಿ, 13ನೇ ಮನೆ (ಬದಲಾವಣೆ ಇಲ್ಲ)

ಟಿಪ್ಪಣಿ: ಬಲ ಹೆಗಲಿನ ನೋವಿನ ನಿಮಿತ್ತ ಎಡಗೈಯಲ್ಲಿ ಸಹಿ ಮಾಡಲಾಗಿದೆ. ಸಹಿಯನ್ನು ಹಿಂದಿನ ಸಹಿಗಳೊಂದಿಗೆ ಹೋಲಿಸತಕ್ಕದ್ದಲ್ಲ.

ಪ್ರತಿಗಳು:
1. ದಾಸ್ತಾನು ಗುಮಾಸ್ತರಿಗೆ, 2ನೇ ಮನೆ. ಈಗ ಹೊಸ್ತಿಲಿನಿಂದ ಅಲುಗಾಡಬಹುದೆಂದು ತಿಳಿಸಲಾಗಿದೆ. ಐವತ್ತೊಂದು ಕಿಲೋ ಕಡತ ಹಿಂದಿರುಗಿಸತಕ್ಕದ್ದು. ಶಾಲು ಅವರಲ್ಲಿಯೇ ಇರಲಿ.
2. ದಾಸ್ತಾನು ಗುಮಾಸ್ತರ ತಾಯಿಯವರಿಗೆ. ಗಟ್ಟಿಯಾಗಿ ಓದಿ ಹೇಳತಕ್ಕದ್ದು.
3. ಹಮಾಲಿ ಮೇಸ್ತ್ರಿಯವರಿಗೆ, ಪಕ್ಕದ ಬೀದಿ. ಒಪ್ಪಿಕೊಂಡ ದರ ಪೂರ್ತಿ ಸಂದಿದೆ. ಮುಂದಿನ ಇಳಿತಗಳಿಗೆ ಐದನೆಯವರು ಬೇಕಾದಲ್ಲಿ, ಹೆಗಲು ವಾಸಿಯಾದ ಮೇಲೆ ಸಂಪರ್ಕಿಸುವುದು.
4. ಎರಡನೇ ಮಹಡಿಯ ಲೆಕ್ಕಿಗರಿಗೆ. ಮೊಮ್ಮಗಳಿಗೂ ತೋರಿಸುವುದು.
5. ಲಾರಿ ಕಂಪನಿಗೆ. ಹತ್ತು ಕಿಲೋಮೀಟರ್ ಸುತ್ತುವ ಅಗತ್ಯ ಕಂಡುಬಂದಿಲ್ಲ.
6. ಸೊಪ್ಪಿನ ಗಾಡಿಯವರಿಗೆ, ಎಚ್ಚರಿಕೆಯ ರೂಪದಲ್ಲಿ. ಬುಟ್ಟಿ ಸೇವೆಯಿಂದ ನಿವೃತ್ತಿಯಾಗಿದೆ.
7. ಬೀಗದ ಅಂಗಡಿಯವರಿಗೆ. ಬೀಗ ಬಳಸಿರುವುದಿಲ್ಲ, ವಾಪಸು ಪಡೆಯಲು ಕೋರಿದೆ.
8. ಮೇಲ್ವಿಚಾರಕರ ಪತ್ನಿಯವರಿಗೆ, 13ನೇ ಮನೆ. ಪರದೆಗಳನ್ನು ಮೂರನೇ ಮಹಡಿಯ ಕಿಟಕಿಗೆ ಹೊಂದಿಸುವ ಬಗ್ಗೆ ಖುದ್ದಾಗಿ ಚರ್ಚಿಸಲಾಗುವುದು. ದಯವಿಟ್ಟು ಬಾಗಿಲು ತೆಗೆಯಲು ಕೋರಿಕೆ.